ಹರಾಜಿನಲ್ಲಿ ಕೈತಪ್ಪಿದ ಕಾರು ಮತ್ತೆ ಬಂದಿದೆ, ತಗೊಳ್ಳಲಾ?

ಹಳೇಸ್ಟೇರಿಂಗ್: ಆನ್‌ಲೈನ್ ಹರಾಜಿನಲ್ಲಿ 1965ರ ಪಾಂಟಿಯಾಕ್ ಜಿಟಿಒ ಒಂದಕ್ಕೆ ಬಿಡ್ ಹಾಕಿದ್ದೆ. ಬೇರೆಯವರ ಪಾಲಾಯಿತು. ಈಗ ಮಾರುವವರ ಹೆಸರಲ್ಲಿ ಮೇಲ್ ಬಂದಿದೆ. ಗೆದ್ದವರು ಹಿಂದೆ ಸರಿದರಂತೆ, ನನ್ನ ಬಿಡ್ ಮೊತ್ತಕ್ಕೇ ಕೊಡುತ್ತಾರಂತೆ. ಮೊತ್ತ ಸರಿಯಾಗಿಯೇ ಬರೆದಿದ್ದಾರೆ. ಹಣ ಮಾತ್ರ ಅವರು ಹೇಳಿದ ಎಸ್ಕ್ರೋ ಕಂಪನಿಗೆ ಕಳಿಸಬೇಕು.

ಗೇರ್‌ಬಾಕ್ಸ್: ಮುಟ್ಟಬೇಡಿ. ಬಿಡ್ ಮೊತ್ತ ಹರಾಜಿನ ಪುಟದಲ್ಲಿ ಎಲ್ಲರಿಗೂ ಕಾಣುತ್ತದೆ. ಎಸ್ಕ್ರೋ ಅಂದರೆ ಕಾರು ಕೈಸೇರುವ ತನಕ ಮೂರನೆಯವರು ಹಣ ಇಟ್ಟುಕೊಳ್ಳುವುದು. ಆ ಮೂರನೆಯವರನ್ನು ಮಾರುವವರೇ ಗೊತ್ತು ಮಾಡಿದರೆ ಇನ್ನೇನು ಉಳಿಯಿತು? ಬ್ಯಾಂಕಿನಿಂದ ವೈರ್ ಮಾಡಿದ ಹಣ ವಾಪಸ್ ಬರುವುದು ತುಂಬಾ ಕಷ್ಟ.

ತುಕ್ಕುಪ್ರೇಮಿ: ಸುಮ್ನೆ ಹೆದರಿಸಬೇಡಿ. ಗೆದ್ದವರು ಕೈಕೊಡುವುದು ನಿಜವಾಗಿಯೂ ಇದೆ. ನನಗೂ ಒಂದು ಕಾರು ಹಾಗೇ ಸಿಕ್ಕಿತು.

ಗೇರ್‌ಬಾಕ್ಸ್: ಸೈಟಿನ ಒಳಗಾ, ಹೊರಗಾ?

ತುಕ್ಕುಪ್ರೇಮಿ: ಒಳಗೇ. ನನ್ನ ಖಾತೆಯಲ್ಲೇ ಆಫರ್ ಕಾಣಿಸಿತ್ತು. ಆ ವ್ಯತ್ಯಾಸ ಒಪ್ಪುತ್ತೇನೆ.

ಚೌಕಾಸಿ: ಒಳಗೇ ಬಂದರೂ ನನಗೆ ಅನುಮಾನ. ಮಾರುವವರ ಗೆಳೆಯರೇ ಬೆಲೆ ಏರಿಸಲು ಬಿಡ್ ಹಾಕಿ, ಲೆಕ್ಕ ತಪ್ಪಿ ತಾವೇ ಗೆದ್ದುಬಿಟ್ಟರೆ? ಆಗ ಎರಡನೆಯವರ ಹತ್ತಿರ ಬರಲೇಬೇಕಲ್ವಾ! ನಿಮ್ಮ ಬಿಡ್ಡೂ ಆ ಸುಳ್ಳು ಪೈಪೋಟಿಯಲ್ಲೇ ಏರಿದ್ದು. ಕೊನೆಯ ಬೆಲೆಗೆ ಒಪ್ಪಬೇಡಿ.

ನಂಬರ್‌ಹುಡುಕ: ಎಲ್ಲರೂ ಹಣದ ಮಾತೇ ಆಡುತ್ತಿದ್ದೀರಿ. ಅದು ಜಿಟಿಒ ಹೌದಾ? 1964 ಮತ್ತು 1965ರಲ್ಲಿ ಜಿಟಿಒ ಅಂದರೆ ಪಾಂಟಿಯಾಕ್‌ನದೇ ಲೆಮಾನ್ಸ್ ಕಾರಿಗೆ ಹಾಕಿಸಿಕೊಳ್ಳುವ ಪ್ಯಾಕೇಜ್ ಅಷ್ಟೇ. ಬೇರೆ ಮಾಡೆಲ್ ಆಗಿದ್ದು 1966ರಲ್ಲಿ. ಹಾಗಾಗಿ 1965ರ ಕಾರಿನ ವಿಐಎನ್ (ಕಾರಿನ ಗುರುತಿನ ಸಂಖ್ಯೆ) ನೋಡಿದರೆ ಅದು ಜಿಟಿಒ ಅಂತ ಖಚಿತವಾಗುವುದಿಲ್ಲ. ಬ್ಯಾಡ್ಜ್, ಹುಡ್ ಎಲ್ಲ ಬಿಡಿಭಾಗವಾಗಿ ಸಿಗುತ್ತವೆ, ಸಾದಾ ಲೆಮಾನ್ಸನ್ನೇ ಜಿಟಿಒ ಥರ ಮಾಡಿ ಮಾರಬಹುದು. ಪಾಂಟಿಯಾಕ್ ಹಿಸ್ಟಾರಿಕ್ ಸರ್ವಿಸಸ್‌ನವರ ಹತ್ತಿರ ಕಾರ್ಖಾನೆಯ ದಾಖಲೆ ಇದೆ. ನೀವೇ ತರಿಸಿಕೊಳ್ಳಿ, ಮಾರುವವರು ಕಳಿಸಿದ ಸ್ಕ್ಯಾನ್ ಲೆಕ್ಕಕ್ಕಿಲ್ಲ.

ತುಕ್ಕುಪ್ರೇಮಿ: ಲೆಮಾನ್ಸ್ ಕೂಡ ಒಳ್ಳೆ ಕಾರೇ ಬಿಡಿ.

ನಂಬರ್‌ಹುಡುಕ: ಲೆಮಾನ್ಸ್ ಬೆಲೆಗೆ ಸಿಕ್ಕರೆ!

ಹಳೇಸ್ಟೇರಿಂಗ್: ಮೆಕ್ಯಾನಿಕ್ ಕಳಿಸಿ ಕಾರು ನೋಡಿಸುತ್ತೇನೆ ಅಂತ ಮೇಲ್ ಮಾಡಿದೆ. ಕಾರು ಆಗಲೇ ಸಾಗಣೆ ಕಂಪನಿಯ ಗೋದಾಮಿನಲ್ಲಿದೆ, ಹಣ ಬಂದ ಮೇಲೆ ನೋಡಬಹುದು ಅಂದರು.

ಗೇರ್‌ಬಾಕ್ಸ್: ಇದೇ ಪ್ರಶ್ನೆಯನ್ನು ಸೈಟಿನ ಒಳಗಿನಿಂದ ಮಾರುವವರಿಗೆ ಕೇಳಿ.

ಹಳೇಸ್ಟೇರಿಂಗ್: ಕೇಳಿದೆ. ಅಸಲಿ ಮಾಲೀಕರು ಉತ್ತರ ಕೊಟ್ಟರು. ಗೆದ್ದವರು ಬಂದು ಮೊನ್ನೆಯೇ ಕಾರು ಒಯ್ದರಂತೆ. ನನಗೆ ಮೇಲ್ ಮಾಡಿದ್ದು ಯಾರು ಅಂತ ಅವರೇ ನನ್ನನ್ನು ಕೇಳುತ್ತಿದ್ದಾರೆ.