ಮಗಳಿಗೆ ಒಂದೇ ವರ್ಷದಲ್ಲಿ ಮಲಯಾಳ ಬಂತು, ನನಗೆ ಯಾಕೆ ಬರುತ್ತಿಲ್ಲ?

ನೀಲೇಶ್ವರದ ಟೈಲರ್:

ಎಲ್ಲರಿಗೂ ನಮಸ್ಕಾರ. ನಮ್ಮದು ಹಾವೇರಿ ಹತ್ತಿರದ ಹಳ್ಳಿ. ಯಜಮಾನರ ಕೆಲಸದ ಸಲುವಾಗಿ ಒಂದೂವರೆ ವರ್ಷದ ಹಿಂದೆ ಕೇರಳದ ನೀಲೇಶ್ವರಕ್ಕೆ ಬಂದೆವು. ನನಗೀಗ 41 ವರ್ಷ. ಮನೆಯಲ್ಲೇ ಹೊಲಿಗೆ ಮಾಡುತ್ತೇನೆ.

ಬಂದಾಗ ಮಗಳಿಗೆ ನಾಲ್ಕು ವರ್ಷ. ಅಂಗನವಾಡಿಗೆ ಹಾಕಿದೆವು. ಮೊದಲ ಎರಡು ತಿಂಗಳು ಅಲ್ಲಿ ಬಾಯೇ ಬಿಡುತ್ತಿರಲಿಲ್ಲವಂತೆ. ಆಮೇಲೆ ನೀರು ಕುಡಿದಷ್ಟು ಸುಲಭವಾಗಿ ಕಲಿತಳು. ಈಗ ಪಕ್ಕದ ಮನೆಯ ಅಜ್ಜಿ ಹತ್ತಿರ ಅರ್ಧ ಗಂಟೆ ಕೂತು ಹರಟೆ ಹೊಡೆಯುತ್ತಾಳೆ. ನಾನು ದಿನಾ ರಾತ್ರಿ ಫೋನಿನಲ್ಲಿ ಪಾಠದ ವಿಡಿಯೊ ನೋಡುತ್ತೇನೆ, ಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆ. ಆದರೂ ಬಾಯಿಗೆ ಬರುವುದಿಲ್ಲ.

ಹೋದ ತಿಂಗಳು ಒಬ್ಬರು ಚೂಡಿದಾರ್ ಟಾಪ್ ತಂದು "ಇರಕ್ಕಂ ಕುರಕ್ಕಣಂ" ಅಂದರು. ಬಿಗಿ ಕಡಿಮೆ ಮಾಡಬೇಕು ಅಂತ ನನ್ನ ಕಿವಿಗೆ ಕೇಳಿತು. ಎರಡೂ ಪಕ್ಕದ ಹೊಲಿಗೆ ಬಿಚ್ಚಿ ಲೂಸ್ ಮಾಡಿ ಕೊಟ್ಟೆ. ಇರಕ್ಕಂ ಅಂದರೆ ಉದ್ದ, ಇರುಕ್ಕಂ ಅಂದರೆ ಬಿಗಿ ಅಂತ ಆಮೇಲೆ ಗೊತ್ತಾಯಿತು. ಅವರು ಏನೂ ಅನ್ನಲಿಲ್ಲ, ಆದರೆ ಮತ್ತೆ ಬರಲೂ ಇಲ್ಲ. ಆವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮೊನ್ನೆ ಮಳೆ ಶುರುವಾದಾಗ ಪಕ್ಕದ ಮನೆಯವರ ಬಟ್ಟೆ ಹೊರಗಿತ್ತು. "ಮಳ ವರುನ್ನು" ಅಂತ ಕೂಗಿದೆ. ಮಗಳು ಓಡಿ ಬಂದು "ಮಳ ಅಲ್ಲಮ್ಮಾ" ಅಂದಳು. ಬಾಯಿ ಅಗಲ ತೆರೆದು ನಾಲಿಗೆ ಹಿಂದಕ್ಕೆ ಮಡಚಿ ತೋರಿಸಿದಳು. ಹತ್ತು ಸಲ ಹೇಳಿದೆ, ಹತ್ತು ಸಲವೂ ಅಲ್ಲ ಅಂದಳು.

ನನ್ನ ವಯಸ್ಸಿಗೆ ಇದು ಆಗುವುದಿಲ್ಲವಾ? ಅಥವಾ ನಾನು ಕಲಿಯುವ ರೀತಿಯೇ ತಪ್ಪಾ? ತಿಳಿದವರು ಹೇಳಿ.

ಬದಿಯಡ್ಕದ ಮಾಸ್ಟ್ರು:

ತಂಗೀ, ನಾನು ಗಡಿನಾಡಿನ ಕನ್ನಡ ಶಾಲೆಗಳಲ್ಲಿ ಮೂವತ್ತು ವರ್ಷ ಪಾಠ ಮಾಡಿದವನು. ಮೊದಲು ಒಂದು ಲೆಕ್ಕ ಹಾಕೋಣ. ನಿಮ್ಮ ಮಗಳು ದಿನಕ್ಕೆ ಐದಾರು ಗಂಟೆ ಮಲಯಾಳದ ನಡುವೆಯೇ ಇದ್ದಳು. ಆಟ, ಜಗಳ, ಊಟ, ಅಳು ಎಲ್ಲ ಅದರಲ್ಲೇ. ನೀವು ಗಿರಾಕಿಗಳ ಜೊತೆ ಮಾತಾಡುವುದು ದಿನಕ್ಕೆ ಎಷ್ಟು ಹೊತ್ತು? ಉಳಿದ ಹೊತ್ತು ನಿಮ್ಮ ಜೊತೆ ಇರುವುದು ಹೊಲಿಗೆ ಮಿಷನ್ ಒಂದೇ.

ಇನ್ನೊಂದು. ಐದು ವರ್ಷದ ಮಗುವಿಗೆ "ನಂಗೂ ಬೇಕು", "ಅವನು ನೂಕಿದ" ಅಂದರೆ ಸಾಕು, ಎಷ್ಟು ಚೆನ್ನಾಗಿ ಮಾತಾಡುತ್ತಾಳೆ ಅನ್ನುತ್ತೇವೆ. ನೀವು ಅಳತೆ, ಮಜೂರಿ, ಕೊಡುವ ದಿನ ಎಲ್ಲ ಮಾತಾಡಬೇಕು, ಬೇಸರವಾದವರನ್ನು ಸಮಾಧಾನವೂ ಮಾಡಬೇಕು. ಇಬ್ಬರಿಗೂ ಒಂದೇ ಅಳತೆಗೋಲು ಇಟ್ಟರೆ ಹೇಗೆ?

ದೊಡ್ಡವರು ನಿಧಾನ ಅನ್ನುವುದು ಪೂರ್ತಿ ನಿಜವಲ್ಲ. ಹಾಲೆಂಡಿನಲ್ಲಿ ಡಚ್ ಕಲಿಯುತ್ತಿದ್ದ ಇಂಗ್ಲಿಷ್ ಮಾತಿನವರನ್ನು ಒಂದು ವರ್ಷ ಗಮನಿಸಿದ ಅಧ್ಯಯನ 1978ರಲ್ಲಿ ಬಂತು. ಮೊದಲ ತಿಂಗಳುಗಳಲ್ಲಿ ಮುಂದೆ ಹೋದವರು 12ರಿಂದ 15 ವರ್ಷದ ಮಕ್ಕಳು ಮತ್ತು ದೊಡ್ಡವರು. ಮೂರರಿಂದ ಐದು ವರ್ಷದ ಪುಟ್ಟ ಮಕ್ಕಳು ಹೆಚ್ಚಿನ ಪರೀಕ್ಷೆಗಳಲ್ಲಿ ಹಿಂದೆ ಇದ್ದರು. ಯಾಕೆಂದರೆ ದೊಡ್ಡವರಿಗೆ ನಿಯಮ ಕಾಣುತ್ತದೆ. ನಿಮಗೂ ಕಾಣಬೇಕು. ನಮ್ಮ ಹಾಲು ಅವರಿಗೆ ಪಾಲ್, ಹುಲಿ ಪುಲಿ, ಹಲ್ಲು ಪಲ್ಲ್. ಹಳಗನ್ನಡದಲ್ಲಿ ನಮ್ಮದೂ ಪಕಾರವೇ. ಈ ಒಂದು ಬೀಗದ ಕೈ ಸಿಕ್ಕರೆ ನೂರಾರು ಮಾತು ತೆರೆಯುತ್ತದೆ. ಇನ್ನು ನಾನು ಹೋದೆ, ಅವಳು ಹೋದಳು, ಅವರು ಹೋದರು ಅನ್ನುವ ಗೋಜು ಮಲಯಾಳದಲ್ಲಿ ಇಲ್ಲ. ಯಾರು ಹೋದರೂ "ಪೋಯಿ". ಅದನ್ನು ನಿಮಗೆ ಒಂದು ನಿಮಿಷದಲ್ಲಿ ಹೇಳಿಕೊಡಬಹುದು. ನಾಲ್ಕು ವರ್ಷದ ಮಗುವಿಗೆ ಹಾಗೆ ಹೇಳಿದರೆ ತಲೆಗೆ ಹೋಗುವುದಿಲ್ಲ, ಅದು ಸಾವಿರ ಸಲ ಕೇಳಿಯೇ ಕಲಿಯಬೇಕು.

ಉಚ್ಚಾರದಲ್ಲಿ ಮಾತ್ರ ವಯಸ್ಸಿನ ಪೆಟ್ಟು ಇದೆ. ಇಂಗ್ಲಿಷ್ ಮನೆಗಳ ಕೂಸುಗಳು ಹಿಂದಿಯ ತ ಮತ್ತು ಟ ವ್ಯತ್ಯಾಸವನ್ನು ಆರೆಂಟು ತಿಂಗಳಲ್ಲಿ ಗುರುತಿಸುತ್ತವೆ, ವರ್ಷ ತುಂಬುವ ಹೊತ್ತಿಗೆ ಹೆಚ್ಚಿನವಕ್ಕೆ ಅದು ಆಗುವುದಿಲ್ಲ ಎಂದು 1984ರಲ್ಲಿ ತೋರಿಸಿದರು. ಕಿವಿ ಮನೆಯ ಮಾತಿಗೆ ಹೊಂದಿಕೊಂಡುಬಿಡುತ್ತದೆ. ಆದರೆ ಬಾಗಿಲು ಪೂರ್ತಿ ಮುಚ್ಚುವುದಿಲ್ಲ. ಇಂಗ್ಲಿಷಿನ ರ ಮತ್ತು ಲ ಒಂದೇ ಥರ ಕೇಳುವ ದೊಡ್ಡ ವಯಸ್ಸಿನ ಜಪಾನಿಯರಿಗೆ ಬೇರೆ ಬೇರೆಯವರ ಬಾಯಿಂದ ಅದೇ ಪದಗಳನ್ನು ಕೇಳಿಸಿ ಅಭ್ಯಾಸ ಮಾಡಿಸಿದಾಗ ಕಿವಿ ಸುಧಾರಿಸಿತು. ಅದಕ್ಕೇ ಒಬ್ಬರ ವಿಡಿಯೊ ಸಾಲದು. ಹತ್ತು ಜನರ ಬಾಯಿಂದ ಕೇಳಿ.

ಮಗಳು ಹೇಳಿದ ಆ ಅಕ್ಷರ ನಮ್ಮದೇ. ಹಳಗನ್ನಡದಲ್ಲಿ ಮಳೆ "ಮೞೆ" ಆಗಿತ್ತು, ಕೋಳಿ "ಕೋೞಿ". ಆ ೞ ನಮ್ಮ ಬಾಯಿಂದ ಹೋಯಿತು, ಮಲಯಾಳದಲ್ಲಿ ಉಳಿಯಿತು. ಳ ಹೇಳುವಾಗ ನಾಲಿಗೆಯ ತುದಿ ಅಂಗುಳಕ್ಕೆ ತಾಗುತ್ತದೆ. ೞ ಹೇಳುವಾಗ ತುದಿ ಹಿಂದಕ್ಕೆ ಮಡಚಬೇಕು, ತಾಗಬಾರದು. ಕನ್ನಡಿ ಮುಂದೆ ಕೂತು ಮಾಡಿ.

ನನ್ನ ಅಪ್ಪನ ಮಾತೂ ಹೇಳುತ್ತೇನೆ. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿದಾಗ ಅವರಿಗೆ 38 ವರ್ಷ. ಅಲ್ಲಿಯವರೆಗೆ ಅವರಿಗೆ ಮಲಯಾಳದ ಒಂದಕ್ಷರ ಓದಲು ಬರುತ್ತಿರಲಿಲ್ಲ. ಜಾಗದ ಕಾಗದಪತ್ರ ಇನ್ನೊಬ್ಬರ ಕೈಯಲ್ಲಿ ಓದಿಸುವುದು ಅವರಿಗೆ ಸರಿ ಬರಲಿಲ್ಲ. ಅಡಿಕೆ ಸುಲಿಯುವ ಚಾವಡಿಯಲ್ಲಿ ಚಿಮಣಿ ದೀಪ ಇಟ್ಟುಕೊಂಡು ಹಳೇ ಪತ್ರಿಕೆ ಎದುರಿಗಿಟ್ಟು ಅಕ್ಷರ ಕಲಿತರು. ಮಾತಿನಲ್ಲಿ ಕನ್ನಡದ ಎಳೆ ಕೊನೆಯವರೆಗೂ ಹೋಗಲಿಲ್ಲ. ಆದರೆ ಯಾವ ಕಾಗದವೂ ಅವರನ್ನು ಹೆದರಿಸಲಿಲ್ಲ.

ಉಪ್ಪಳದ ಅಂಗಡಿ:

ಮಾಸ್ಟ್ರೇ, ನಿಮ್ಮ ಮಾತು ಒಪ್ಪುತ್ತೇನೆ, ಆದರೆ ವಯಸ್ಸನ್ನು ಅಷ್ಟು ಸುಲಭವಾಗಿ ತಳ್ಳಿಹಾಕಬೇಡಿ. ಆರು ಲಕ್ಷಕ್ಕೂ ಹೆಚ್ಚು ಜನರ ಇಂಗ್ಲಿಷ್ ವ್ಯಾಕರಣ ಪರೀಕ್ಷಿಸಿದ ಅಧ್ಯಯನ 2018ರಲ್ಲಿ ಬಂತು. ಕಲಿಯುವ ಶಕ್ತಿ ಸುಮಾರು 17ರವರೆಗೆ ಚೆನ್ನಾಗಿದ್ದು ಆಮೇಲೆ ಇಳಿಯುತ್ತದೆ ಎಂದಿತು. ಹುಟ್ಟಿದ ಮಾತಿನವರಷ್ಟೇ ಆಗಬೇಕಿದ್ದರೆ ಹತ್ತು ವರ್ಷದೊಳಗೆ ಶುರು ಮಾಡಿರಬೇಕು. ಅಕ್ಕನಿಗೆ ಸುಮ್ನೆ ಆಸೆ ಹುಟ್ಟಿಸುವುದು ಬೇಡ.

ಅಕ್ಕಾ, ನಾನು ಅಂಗಡಿಯಲ್ಲಿ ದಿನಾ ತುಳು, ಬ್ಯಾರಿ, ಮಲಯಾಳ, ಕನ್ನಡ, ಹಿಂದಿ ಮಾತಾಡುತ್ತೇನೆ. ಹಿಂದಿ ಕಲಿತದ್ದು ಮೂವತ್ತು ದಾಟಿದ ಮೇಲೆ. ತಪ್ಪಾಗುತ್ತದೆ, ವ್ಯಾಪಾರ ನಿಲ್ಲುವುದಿಲ್ಲ. ಒಂದು ಪದ ಗೊತ್ತಾಗದಿದ್ದರೆ ವಸ್ತು ಕೈಗೆತ್ತಿ "ಇದಾ?" ಎಂದು ಕೇಳುತ್ತೇನೆ. ನೀವೂ ಟೇಪ್ ಹಿಡಿದು ಕೇಳಿ.

ಬದಿಯಡ್ಕದ ಮಾಸ್ಟ್ರು:

ನೀವು ಹೇಳಿದ್ದು ಸರಿ. ಹುಟ್ಟಿದವರಂತೆ ಆಗುವುದು ಬೇರೆ, ಬದುಕಿಗೆ ಬೇಕಾದಷ್ಟು ಕಲಿಯುವುದು ಬೇರೆ. ತಂಗಿಗೆ ಎರಡನೆಯದು ಬೇಕು. ಜರ್ಮನಿಯ ಪಾದ್ರಿ ಹರ್ಮನ್ ಗುಂಡರ್ಟ್ ಭಾರತಕ್ಕೆ ಬಂದಾಗ 22 ವರ್ಷ. ನಿಮ್ಮ ಲೆಕ್ಕದಲ್ಲಿ 17 ದಾಟಿತ್ತು. 1872ರಲ್ಲಿ ಮಲಯಾಳದ ದೊಡ್ಡ ನಿಘಂಟನ್ನೇ ಕೊಟ್ಟರು.

ಕುಂಬಳೆಯವಳು, ಈಗ ಪುಣೆ:

ಅಕ್ಕಾ, ಎಲ್ಲರೂ ನಿಮ್ಮ ಮಲಯಾಳದ ಬಗ್ಗೆ ಹೇಳಿದರು. ನನಗೆ ನಿಮ್ಮ ಮಗಳ ಕನ್ನಡದ ಚಿಂತೆ. ಮಕ್ಕಳು ಬೇಗ ಕಲಿಯುತ್ತಾರೆ, ಅಷ್ಟೇ ಬೇಗ ಮರೆಯುತ್ತಾರೆ. ಕೊರಿಯಾದಲ್ಲಿ ಹುಟ್ಟಿ ಮೂರರಿಂದ ಎಂಟು ವರ್ಷದೊಳಗೆ ಫ್ರಾನ್ಸಿಗೆ ದತ್ತು ಹೋದ ಎಂಟು ಜನರನ್ನು ದೊಡ್ಡವರಾದ ಮೇಲೆ ಪರೀಕ್ಷಿಸಿದರು. 2003ರಲ್ಲಿ ಅದು ಪ್ರಕಟವಾಯಿತು. ಕೊರಿಯನ್ ಮಾತು ಕೇಳಿಸಿದರೆ ಅವರ ಮಿದುಳು ಬೇರೆ ಯಾವುದೋ ಗೊತ್ತಿಲ್ಲದ ಭಾಷೆ ಕೇಳಿದಂತೆಯೇ ಇತ್ತು. ಎಂಟು ವರ್ಷ ಆಡಿದ ಮಾತೂ ಹೋಗಬಹುದು ಅಂದರೆ ನೋಡಿ. ನೀವು 41ಕ್ಕೆ ಊರು ಬಿಟ್ಟರೂ ಕನ್ನಡ ಮರೆಯುವುದಿಲ್ಲ. ಅವಳು ಮರೆಯಬಹುದು.

ನನ್ನ ಅಣ್ಣನ ಮಗ ಕೊಚ್ಚಿಯಲ್ಲಿ ಬೆಳೆದ. ರಜೆಗೆ ಕುಂಬಳೆಗೆ ಬಂದರೆ ಅಜ್ಜಿ ಹೇಳಿದ್ದೆಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಮಲಯಾಳದಲ್ಲಿ. ಅಜ್ಜಿ ಪ್ರತಿ ಸಲ ಮೊಮ್ಮಗನ ಮುಖ ನೋಡಿ ಸುಮ್ಮನಾಗುತ್ತಾರೆ. ನನಗೆ ಅದನ್ನು ನೋಡಲಾಗುವುದಿಲ್ಲ. ದಯವಿಟ್ಟು ಮಲಯಾಳ ಅಭ್ಯಾಸವಾಗಲಿ ಎಂದು ಮಗಳ ಜೊತೆ ಮನೆಯಲ್ಲಿ ಮಲಯಾಳ ಮಾತಾಡಬೇಡಿ. ಅದು ಗಿರಾಕಿಗಳ ಜೊತೆ ಇರಲಿ.

ನೀಲೇಶ್ವರದ ಟೈಲರ್:

ಎಲ್ಲರಿಗೂ ಕೈ ಮುಗಿಯುತ್ತೇನೆ. ಕುಂಬಳೆ ತಂಗಿ, ನಿಮ್ಮ ಮಾತು ಓದಿ ಎದೆ ಧಸಕ್ ಅಂತು. ನಿನ್ನೆ ಮಗಳಿಗೆ ಏನೋ ಹೇಳಿದರೆ "ಮನಸ್ಸಿಲಾಯಿ ಅಮ್ಮಾ" ಅಂದಳು. "ಗೊತ್ತಾತವ್ವಾ" ಅನ್ನುತ್ತಿದ್ದ ಹುಡುಗಿ. ಅದು ಬದಲಾಗಿದ್ದು ಯಾವಾಗ ಅಂತ ನನಗೆ ಗೊತ್ತೇ ಇಲ್ಲ. ರಾತ್ರಿ ವಿಡಿಯೊ ನೋಡುವುದು ಬಿಟ್ಟೆ. ಆ ಹೊತ್ತಿನಲ್ಲಿ ಅವಳನ್ನು ಪಕ್ಕ ಮಲಗಿಸಿಕೊಂಡು ನಮ್ಮೂರ ಕಥೆ ಹೇಳುತ್ತಿದ್ದೇನೆ.

ಈಗ ಮಧ್ಯಾಹ್ನ ಪಕ್ಕದ ಮನೆ ಅಜ್ಜಿ ಹತ್ತಿರ ಹೆಮ್ಮಿಂಗ್ ಕೆಲಸ ತೆಗೆದುಕೊಂಡು ಹೋಗಿ ಕೂರುತ್ತೇನೆ. ಕೈ ಕೆಲಸ ಮಾಡುತ್ತಿದ್ದರೆ ಮಾತು ತಪ್ಪಾದರೂ ಅಷ್ಟು ಸಂಕೋಚ ಆಗುವುದಿಲ್ಲ. ಉಪ್ಪಳದ ಅಣ್ಣ ಹೇಳಿದ ಹಾಗೆ ಅಳತೆ ತೆಗೆಯುವಾಗ ಟೇಪ್ ಹಿಡಿದು "ಇರಕ್ಕಂ ಇತ್ರ ಮದಿಯೋ?", ಅಂದರೆ ಉದ್ದ ಇಷ್ಟು ಸಾಕಾ, ಅಂತ ಕೇಳುತ್ತೇನೆ. ಯಾರೂ ಬೇಸರ ಮಾಡಿಕೊಂಡಿಲ್ಲ.

ಮಾಸ್ಟ್ರೇ, ಒಂದು ಕೇಳಬೇಕಿತ್ತು. ಇಲ್ಲಿನ ಹೆಂಗಸರು ತೋಳು ಕೂಡಿಸುವ ಜಾಗಕ್ಕೆ "ಕೈಕ್ಕುೞಿ" ಅನ್ನುತ್ತಾರೆ. ಅದು ನಮ್ಮ ಕುಳಿಯೇ ಅಲ್ವಾ? ಮೞೆ ಮಳೆಯಾದ ಹಾಗೆ?