ಕೆಂಪುಪಲ್ಲಟ 0.9: 21 ಸೆಂ.ಮೀ. ರೇಖೆ ಕಾಣುತ್ತಿಲ್ಲ, ಬರೀ ಅಲೆ

ಕೃತ್ತಿಕೆ:
ಜಿಎಂಆರ್‌ಟಿಯ (ಪುಣೆ ಬಳಿಯ, ಹಲವು ಆಂಟೆನಾಗಳ ರೇಡಿಯೋ ದೂರದರ್ಶಕ) 10 ಗಂಟೆಯ ಡೇಟಾ ಇದೆ: 650–850 ಮೆಗಾಹರ್ಟ್ಜ್, 8192 ಚಾನೆಲ್ (ಆವರ್ತನದ ಸಣ್ಣ ತುಂಡುಗಳು). ಗೆಲಾಕ್ಸಿಯ ಕೆಂಪುಪಲ್ಲಟ (ವಿಶ್ವ ಹಿಗ್ಗುವುದರಿಂದ ತರಂಗ ಉದ್ದವಾಗುವ ಪ್ರಮಾಣ) 0.9. ಅಂದರೆ ತಟಸ್ಥ ಹೈಡ್ರೋಜನ್ನಿನ 21 ಸೆಂ.ಮೀ. ರೇಖೆಯ ಮೂಲ ಆವರ್ತನ 1420.4 ಮೆಗಾಹರ್ಟ್ಜ್ ಅನ್ನು 1.9ರಿಂದ ಭಾಗಿಸಿದರೆ, ಅದು 747.6 ಮೆಗಾಹರ್ಟ್ಜ್ ಹತ್ತಿರ ಇರಬೇಕು. ಅಲ್ಲಿ ಏನೂ ಇಲ್ಲ. 2 ಮೆಗಾಹರ್ಟ್ಜ್‌ಗೊಮ್ಮೆ ಏಳುವ ಅಲೆ ಮಾತ್ರ. ಕಂಟಿನ್ಯುಯಂ (ಎಲ್ಲ ಆವರ್ತನಗಳಲ್ಲೂ ಹರಡಿರುವ ಹೊಳಪು) ಕಳೆಯಲು 5ನೇ ಘಾತದ ಪಾಲಿನೋಮಿಯಲ್ ಹಾಕಿದರೂ ಹೋಗಲಿಲ್ಲ. ಇನ್ನಷ್ಟು ಗಂಟೆ ಕೇಳಬೇಕೇ?

ಮೃಗಶಿರ:
ಮೊದಲು ಅಲೆಯನ್ನು ನೋಡಿ. ಚಿತ್ರದ ನಡುವಿನಿಂದ 20 ಆರ್ಕ್‌ಮಿನಿಟ್ ಆಚೆ ಪ್ರಖರ ಮೂಲವೊಂದಿದ್ದರೆ, 25 ಕಿ.ಮೀ. ಬೇಸ್‌ಲೈನ್‌ನಲ್ಲಿ (ಎರಡು ಆಂಟೆನಾಗಳ ನಡುವಿನ ಅಂತರ) ಅದರ ಸಂಕೇತ ಸುಮಾರು 485 ನ್ಯಾನೋಸೆಕೆಂಡ್ ಹಿಂದೆಮುಂದೆ ಆಗುತ್ತದೆ. ಅದರ ವಿಲೋಮವೇ ನಿಮ್ಮ 2 ಮೆಗಾಹರ್ಟ್ಜ್. ವಿಸಿಬಿಲಿಟಿಗೆ (ಆಂಟೆನಾ ಜೋಡಿಗಳು ಅಳೆದ ಸಂಕೇತ, ಚಿತ್ರವಾಗುವ ಮೊದಲಿನದು) ಹಾಕುವ ಪಾಲಿನೋಮಿಯಲ್ ನಡುವಿನ ಮೂಲಗಳಿಗಷ್ಟೇ ಸರಿ, ದೂರದವಕ್ಕೆ ಸಾಲದು. ಹಾಗಂತ ಘಾತ ಏರಿಸುತ್ತ ಹೋದರೆ ರೇಖೆಯನ್ನೇ ನುಂಗಿಬಿಡುತ್ತದೆ.

ಸೆಲ್ಫ್-ಕ್ಯಾಲಿಬ್ರೇಶನ್ (ಅದೇ ಕ್ಷೇತ್ರದ ಮೂಲಗಳಿಂದ ಆಂಟೆನಾಗಳ ತಪ್ಪು ತಿದ್ದುವುದು) ಮಾಡಿ, ಇಡೀ ಕ್ಷೇತ್ರದ, ಅಂಚಿನಾಚೆಯ ಮೂಲಗಳೂ ಸೇರಿದ ಮಾದರಿ ಕಟ್ಟಿ, ಅದನ್ನು ವಿಸಿಬಿಲಿಟಿಯಿಂದಲೇ ಕಳೆಯಿರಿ. ಉಳಿದ ಚೂರುಪಾರಿಗೆ ಕ್ಯೂಬ್‌ನಲ್ಲಿ (ಪ್ರತಿ ಚಾನೆಲ್‌ನ ಚಿತ್ರ ಜೋಡಿಸಿದ ರಾಶಿ) 1 ಅಥವಾ 2ನೇ ಘಾತ ಸಾಕು. ರೇಖೆ ಬರಬೇಕಾದ ಜಾಗದ ಎರಡೂ ಕಡೆ 300 ಕಿ.ಮೀ./ಸೆ.ನಷ್ಟು ಚಾನೆಲ್‌ಗಳನ್ನು ಫಿಟ್‌ನಿಂದ ಹೊರಗಿಡಿ. ಇನ್ನೊಂದು ವಿಷಯ: ಒಂದು ಚಾನೆಲ್‌ನಲ್ಲಿ ಕೆಲವೇ ಬೇಸ್‌ಲೈನ್‌ಗಳನ್ನು ಫ್ಲ್ಯಾಗ್ ಮಾಡಿದ್ದರೆ (ಕೆಟ್ಟ ಡೇಟಾ ಎಂದು ತೆಗೆದಿದ್ದರೆ) ಆ ಚಾನೆಲ್‌ನ ಬೀಮ್ (ಚುಕ್ಕೆಯಂಥ ಮೂಲ ಚಿತ್ರದಲ್ಲಿ ಹರಡಿ ಕಾಣುವ ಗುರುತು) ಆಕಾರವೇ ಬೇರೆಯಾಗಿ ಸುಳ್ಳು ರಚನೆ ಹುಟ್ಟುತ್ತದೆ. ಅಂಥ ಚಾನೆಲ್ ಪೂರ್ತಿ ಬಿಡುವುದೇ ಮೇಲು.

ಸಪ್ತರ್ಷಿ:
ಮೃಗಶಿರ ಅವರು ಹೇಳಿದ್ದು ಸರಿ. ಆದರೆ ಅಲೆ ಹೋದರೂ ಈ ರೇಖೆ ಕಾಣದು. ಸಾವಿರ ಕೋಟಿ ಸೂರ್ಯರಷ್ಟು ಹೈಡ್ರೋಜನ್ ಇರುವ ಗೆಲಾಕ್ಸಿ ಈ ದೂರದಿಂದ, 300 ಕಿ.ಮೀ./ಸೆ. ಅಗಲಕ್ಕೆ ಹರಡಿದರೆ, ಸುಮಾರು 8 ಮೈಕ್ರೋಜಾನ್ಸ್ಕಿ (ರೇಡಿಯೋ ಹೊಳಪಿನ ಮಾನ) ಕೊಡುತ್ತದೆ. 10 ಗಂಟೆಯಲ್ಲಿ ಅಷ್ಟೇ ಅಗಲದ ನಾಯ್ಸ್ ಅಂದಾಜು 45 ಮೈಕ್ರೋಜಾನ್ಸ್ಕಿ. ಐದು ಸಿಗ್ಮಾ (ನಾಯ್ಸ್‌ನ ಐದು ಪಟ್ಟು ಸಂಕೇತ) ಬೇಕಾದರೆ ಸಾವಿರಾರು ಗಂಟೆ ಬೇಕು. ಹೆಚ್ಚು ಸಮಯ ಕೇಳಬೇಡಿ, ಸ್ಟ್ಯಾಕಿಂಗ್ ಮಾಡಿ, ಅಂದರೆ ಹಲವು ಗೆಲಾಕ್ಸಿಗಳ ಸಂಕೇತ ಸೇರಿಸಿ ಸರಾಸರಿ ತೆಗೆಯಿರಿ. ಇದೇ ದೂರದರ್ಶಕದಲ್ಲಿ 7,653 ಗೆಲಾಕ್ಸಿಗಳನ್ನು ಒಟ್ಟುಗೂಡಿಸಿ, ಸರಾಸರಿ ಕೆಂಪುಪಲ್ಲಟ 1ರಲ್ಲಿ ರೇಖೆ ಕಂಡದ್ದು 2020ರಲ್ಲಿ ಪ್ರಕಟವಾಗಿದೆ.

ನಿಮ್ಮ ಚಾನೆಲ್ 24.4 ಕಿಲೋಹರ್ಟ್ಜ್, ಅಂದರೆ 9.8 ಕಿ.ಮೀ./ಸೆ. ಮೂರು ಚಾನೆಲ್‌ಗಳನ್ನು ಕೂಡಿಸಿ. ಭೂಮಿಯ ಚಲನೆಯ ತಿದ್ದುಪಡಿ ಮರೆಯಬೇಡಿ. ಅದು 30 ಕಿ.ಮೀ./ಸೆ.ವರೆಗೂ ಹೋಗುತ್ತದೆ. ಬೀಮ್ ಕೂಡ ಮುಖ್ಯ: ಇಲ್ಲಿ 1 ಆರ್ಕ್‌ಸೆಕೆಂಡ್ ಎಂದರೆ ಸುಮಾರು 8 ಕಿಲೋಪಾರ್ಸೆಕ್ (26 ಸಾವಿರ ಜ್ಯೋತಿರ್ವರ್ಷ). 5 ಆರ್ಕ್‌ಸೆಕೆಂಡ್ ಬೀಮ್‌ನಲ್ಲಿ ಹೊರವಲಯದ ಅನಿಲ ತಪ್ಪಿಹೋಗಬಹುದು, 8–10ಕ್ಕೆ ಟೇಪರ್ ಮಾಡಿ (ಬೀಮ್ ಅಗಲಿಸಿ).

ಕೃತ್ತಿಕೆ:
ಫೋಟೋಮೆಟ್ರಿಕ್ (ಬಣ್ಣಗಳಿಂದ ಅಂದಾಜಿಸಿದ) ಕೆಂಪುಪಲ್ಲಟ ಬಳಸಬಹುದಾ ಸರ್? ಅದಾದರೆ ಗೆಲಾಕ್ಸಿಗಳ ಪಟ್ಟಿ ದೊಡ್ಡದಿದೆ.

ಸಪ್ತರ್ಷಿ:
ಆಗುವುದಿಲ್ಲ. ಅದರಲ್ಲಿ 0.02ರಷ್ಟು ತಪ್ಪಿದ್ದರೂ ಸ್ಥಾನ ಸಾವಿರಾರು ಕಿ.ಮೀ./ಸೆ. ಜರುಗಿ ರೇಖೆ ಕರಗಿಹೋಗುತ್ತದೆ. ಸ್ಪೆಕ್ಟ್ರೋಸ್ಕೋಪಿಕ್ (ರೋಹಿತದ ರೇಖೆಗಳಿಂದ ಅಳೆದದ್ದು) ಬೇಕು, ತಪ್ಪು 100 ಕಿ.ಮೀ./ಸೆ. ಒಳಗಿರಲಿ. ರೇಡಿಯೋದಲ್ಲಿ ಪ್ರಖರವಾದ ಸಕ್ರಿಯ ಕೇಂದ್ರಗಳಿರುವ (ನಡುವಿನ ಕಪ್ಪುಕುಳಿ ಅನಿಲ ನುಂಗುತ್ತಿರುವ) ಗೆಲಾಕ್ಸಿಗಳನ್ನು ಪಟ್ಟಿಯಿಂದ ತೆಗೆಯಿರಿ. ಸ್ಟ್ಯಾಕ್ ಮಾಡುತ್ತ ಹೋದಂತೆ ನಾಯ್ಸ್ ಗೆಲಾಕ್ಸಿಗಳ ಎಣಿಕೆಯ ವರ್ಗಮೂಲಕ್ಕೆ ತಕ್ಕಂತೆ ಇಳಿಯುತ್ತಿದೆಯೇ ನೋಡಿ. ಎಲ್ಲೋ ನಿಂತುಬಿಟ್ಟರೆ ಅಲೆ ಇನ್ನೂ ಇದೆ ಎಂದರ್ಥ. ಪ್ರತಿ ಗೆಲಾಕ್ಸಿಯ ಪಕ್ಕದ ಖಾಲಿ ಜಾಗವನ್ನೂ ಅದೇ ಆವರ್ತನದಲ್ಲಿ ಸ್ಟ್ಯಾಕ್ ಮಾಡಿ. ಅಲ್ಲೂ ರೇಖೆ ಎದ್ದರೆ ನಿಮಗೆ ಸಿಕ್ಕಿದ್ದು ಹೈಡ್ರೋಜನ್ ಅಲ್ಲ.