ಹಳದಿ ಬಳಿದ್ರೆ ಹಸಿರು ಕಾಣ್ತದೆ, ನೀಲಿ ಮುಟ್ಟಲೇ ಇಲ್ಲ, ಗೊತ್ತಿದ್ದವರು ಹೇಳಿ

ಬದಿಯಡ್ಕ_ಬ್ರಷ್:
ಮಾರ್ರೆ ಸಾಕಾಗಿ ಹೋಯ್ತು. ನಾಲ್ಕು ದಿವಸದಿಂದ ಒಂದೇ ಮಂತ್ರವಾದಿ ಗೊಂಬೆ ಹಿಡ್ಕೊಂಡು ಕೂತಿದ್ದೇನೆ, 32 ಎಂಎಂದು, ಮೈತುಂಬ ನೆರಿಗೆಯ ನಿಲುವಂಗಿ, ಅದಕ್ಕೆ ಹಣ್ಣಡಿಕೆ ಹಾಗಿನ ಹಳದಿ ಬರ್ಬೇಕು ಅಂತ ಆಸೆ. ಬಳಿಯುವಾಗ ಹಳದಿಯೇ, ಒಣಗಿದ್ಮೇಲೆ ಹಸಿರು. ನೀಲಿ ಬಾಟ್ಲಿಯ ಮುಚ್ಚಳ ಸಹ ತೆಗ್ದಿಲ್ಲ. ಮೂರು ಕೋಟ್ ಆಯ್ತು, ನೆರಿಗೆಯ ಒಳಗೆಲ್ಲ ಅರ್ಧ ಹಣ್ಣಾದ ಕದಳಿ ಸಿಪ್ಪೆಯ ಬಣ್ಣ, ಏಣಿನ ಮೇಲೆ ಮಾತ್ರ ಚೂರು ಹಳದಿ. ಆದಿತ್ಯವಾರ ಅಕ್ಕನ ಮಗ ಫ್ರೆಂಡ್ಸ್ ಕರ್ಕೊಂಡು ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ಅದೇ ಗೊಂಬೆ ಇಟ್ಟು ಕತೆ ಕಟ್ಟುವ ಆಟ, ಆಡ್ಲಿಕ್ಕೆ ಬರ್ತಾನೆ, ಅಷ್ಟರಲ್ಲಿ ಮುಗಿಸಿ ಕೊಡ್ತೇನೆ ಅಂತ ಮಾತು ಕೊಟ್ಟಾಗಿದೆ. ಪೈಂಟ್ ನೀರಲ್ಲಿ ಕಲಸುವ ಅಕ್ರಿಲಿಕ್, ಹೊಸತು, ಬ್ರಷ್ ಒಳ್ಳೇದು. ಎಂತ ತಪ್ಪಾಗ್ತಾ ಉಂಟು?

ಉಪ್ಪಳ_ಗೊಂಬೆಮನೆ:
ನೀರು. ನೂರಕ್ಕೆ ನೂರು ನೀರೇ. ಬ್ರಷ್ ತೊಳೆಯುವ ಗ್ಲಾಸಲ್ಲಿ ಹಿಂದಿನ ಬಣ್ಣ ಉಳಿದಿರ್ತದೆ, ಅದನ್ನೇ ಪೈಂಟಿಗೆ ಸೇರಿಸಿದ್ರೆ ಹಳದಿ ಸತ್ತೇ ಹೋಗ್ತದೆ. ಹಳದಿಯಷ್ಟು ಬೇಗ ಕೊಳೆಯಾಗುವ ಬಣ್ಣ ಬೇರೆ ಇಲ್ಲ. ಎರಡು ಗ್ಲಾಸ್ ಇಟ್ಕೊಳ್ಳಿ, ಒಂದು ತೊಳೀಲಿಕ್ಕೆ, ಒಂದು ತೆಳು ಮಾಡ್ಲಿಕ್ಕೆ.

ಬದಿಯಡ್ಕ_ಬ್ರಷ್:
ಎರಡು ಗ್ಲಾಸ್ ಮೊದಲಿಂದಲೂ ಉಂಟು. ನೀರು ನಮ್ಮ ಸುರಂಗದ್ದು, ಗುಡ್ಡೆಯನ್ನು ಅಡ್ಡಕ್ಕೆ ಕೊರೆದು ತೆಗ್ದ ನೀರು, ಕಣ್ಣೀರಿನ ಹಾಗೆ ತಿಳಿ.

ಉಪ್ಪಳ_ಗೊಂಬೆಮನೆ:
ಸುರಂಗದ ನೀರಾ? ಅಲ್ಲಿಯೇ ಉಂಟು ನೋಡಿ. ಮುರಕಲ್ಲಿನ ಒಳಗಿಂದ ಬರುವ ನೀರು, ಅದ್ರಲ್ಲಿ ಕಬ್ಬಿಣದ ಅಂಶ ಇರ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತನ್ನಿ. ನಾನು ಅದು ಬಿಟ್ಟು ಬೇರೆ ನೀರು ಮುಟ್ಟುದಿಲ್ಲ.

ಪೆರ್ಲ_ರೆಸಿನ್:
ಕಬ್ಬಿಣ ಇದ್ರೆ ಕೆಂಪು ಬರ್ಬೇಕಲ್ವಾ, ಹಸಿರು ಹೇಗೆ ಬರ್ತದೆ? ಮುರಕಲ್ಲು ಕೆಂಪು ಇರುವುದೇ ಕಬ್ಬಿಣದಿಂದ. ನಮ್ಮ ಮನೆಯಲ್ಲಿಯೂ ಸುರಂಗದ ನೀರೇ, ನಾನು ಅದ್ರಲ್ಲೇ ಒಂದು ಇಡೀ ಗಾಬ್ಲಿನ್ ಪಡೆ, ಅದೇ ಹಸಿರು ಮೈಯ ಕುಳ್ಳ ರಾಕ್ಷಸರದ್ದು, ಮುಗಿಸಿದ್ದೇನೆ, ಒಂದಕ್ಕೂ ಹೀಗೆ ಆಗ್ಲಿಲ್ಲ. ಸುರಂಗದ ನೀರಿಗೆ ಹೆಸರು ಹಾಳು ಮಾಡ್ಬೇಡಿ.

ಉಪ್ಪಳ_ಗೊಂಬೆಮನೆ:
ಗಾಬ್ಲಿನ್ ಹಸಿರೇ ಅಲ್ವಾ, ಗೊತ್ತಾಗುದು ಹೇಗೆ?

ಪೆರ್ಲ_ರೆಸಿನ್:
ಅದ್ರ ಬಟ್ಟೆ, ಚರ್ಮದ ಪಟ್ಟಿ, ಈಟಿ ಎಲ್ಲ ಹಸಿರಾ? ಫೋಟೋ ಹಾಕ್ತೇನೆ, ನೋಡಿ.

ಕುಂಬಳೆ_ಚೌಕಿ:
ನೀರಿನ ಮಾತು ಅಲ್ಲಿರ್ಲಿ. ಬದಿಯಡ್ಕದವರೇ, ಗೊಂಬೆಗೆ ಮೊದಲು ಪ್ರೈಮರ್, ಅಂದ್ರೆ ಅಡಿಯ ಕೋಟ್, ಯಾವ ಬಣ್ಣದ್ದು ಹೊಡ್ದದ್ದು? ನೆರಿಗೆಯ ನೆರಳಿಗೆ ಎಂತ ಕಲಸಿದ್ದು?

ಬದಿಯಡ್ಕ_ಬ್ರಷ್:
ಪ್ರೈಮರ್ ಕಪ್ಪು. ಎಲ್ಲರೂ ಕಪ್ಪೇ ಅಲ್ವಾ ಹೊಡೆಯುವುದು, ಅದಕ್ಕೆ ಬೇರೆ ಹೇಳ್ಲಿಲ್ಲ. ನೆರಳಿಗೆ ಅದೇ ಹಳದಿಗೆ ಸೂಜಿ ಮೊನೆಯಷ್ಟು ಕಪ್ಪು.

ಕುಂಬಳೆ_ಚೌಕಿ:
ಇದನ್ನು ಮೊದಲೇ ಹೇಳಿದ್ರೆ ಇಷ್ಟು ದೂರ ಬರ್ತಿರ್ಲಿಲ್ಲ. ಒಂದು ಬಿಳಿ ಪ್ಲೇಟ್ ತೆಕ್ಕೊಳ್ಳಿ, ಅದ್ರಲ್ಲಿ ಹಳದಿ ಒಂದು ಬೊಟ್ಟು, ಪಕ್ಕದಲ್ಲಿ ಕಪ್ಪು ಒಂದು ಚುಕ್ಕೆ, ಹಲ್ಲುಕಡ್ಡಿಯಲ್ಲಿ ಎರಡನ್ನೂ ಸ್ವಲ್ಪ ಸ್ವಲ್ಪ ಎಳೆದು ಸೇರಿಸಿ. ಸೇರಿದಲ್ಲಿ ಆಲಿವ್ ಹಸಿರು ಬರ್ತದೆ, ನಿಮ್ಮ ಕದಳಿ ಸಿಪ್ಪೆ ಅದೇ. ಹಳದಿ ಪಾರದರ್ಶಕ ಬಣ್ಣ, ತೆಳು ಕೋಟ್ ಹಾಕಿದ್ರೆ ಅಡಿಯ ಕಪ್ಪು ಮೇಲೆ ಕಾಣ್ತದೆ, ಅಂದ್ರೆ ಕಣ್ಣಿಗೆ ಕಲಸಿದ ಹಾಗೆಯೇ ಆಗುದು. ಒದ್ದೆ ಇರುವಾಗ ಅಕ್ರಿಲಿಕ್‌ನ ಅಂಟು ಹಾಲಿನ ಹಾಗೆ ಬೆಳ್ಳಗೆ ಇರ್ತದೆ, ಆವಾಗ ಹಳದಿ ಅಂತ ಕಂಡದ್ದು ಒಣಗಿದ್ಮೇಲೆ ಅಂಟು ತಿಳಿಯಾಗಿ ಅಡಿಯದ್ದು ತೋರ್ತದೆ.

ನನ್ನ ದೊಡ್ಡಪ್ಪ ಯಕ್ಷಗಾನ ಮೇಳದಲ್ಲಿ ಬಣ್ಣದ ವೇಷ, ಅಂದ್ರೆ ರಾಕ್ಷಸ ವೇಷ, ಮಾಡ್ತಿದ್ರು, ಸಣ್ಣದಿರುವಾಗ ಚೌಕಿಯಲ್ಲಿ, ವೇಷ ಕಟ್ಟುವ ಜಾಗದಲ್ಲಿ, ಅವರ ಹತ್ರ ಕೂತು ನೋಡಿದ್ದೇನೆ. ಬಿಳಿಗೆ ಸಫೇದು, ಹಳದಿಗೆ ಅರದಾಳ, ಕೆಂಪಿಗೆ ಇಂಗಳೀಕ, ಎಲ್ಲ ಎಣ್ಣೆಯಲ್ಲಿ ಅಂಗೈಯಲ್ಲೇ ಕಲಸಿ ಮೊದಲು ಇಡೀ ಮುಖಕ್ಕೆ ತಳಬಣ್ಣ, ಕಾಡಿಗೆ ಬರುವುದು ಅದ್ರ ಮೇಲೆ. ಕಪ್ಪಿನ ಮೇಲೆ ಹಳದಿ ಎಳೆದದ್ದು ನಾನು ಒಮ್ಮೆಯೂ ಕಂಡಿಲ್ಲ.

ಹೊಸೂರು_32:
ಇವರು ಹೇಳಿದ್ದು ಕರೆಕ್ಟು. ಜೊತೆಗೆ ಟ್ಯೂಬ್ ಹಿಂದೆ ಪಿಗ್ಮೆಂಟ್ ನಂಬರ್, ಅಂದ್ರೆ ಒಳಗಿರೋ ಬಣ್ಣದ ಪುಡಿಯ ನಂಬರ್, ಇರತ್ತೆ, ಅದನ್ನ ಓದಿ ಸಾರ್. ಪಿವೈ ಅಂದ್ರೆ ಪಿಗ್ಮೆಂಟ್ ಯೆಲ್ಲೋ. ಪಿವೈ 3 ಅಂತ ಇದ್ರೆ ಅದು ಲೆಮನ್, ಹುಟ್ಟಿದ್ದೇ ಹಸಿರು ಕಡೆಗೆ ವಾಲಿಕೊಂಡು. ಪಿವೈ 42 ಅಂದ್ರೆ ಯೆಲ್ಲೋ ಓಕರ್, ಐರನ್ ಆಕ್ಸೈಡು, ಚೆನ್ನಾಗಿ ಮುಚ್ಚತ್ತೆ.

ಬದಿಯಡ್ಕ_ಬ್ರಷ್:
ಈಗ ನೋಡಿದೆ. ಪಿವೈ 3 ಅಂತಲೇ ಉಂಟು. ಹಾಗಾದ್ರೆ ಎಲ್ಲ ಕಿತ್ತು ತೆಗೀಬೇಕಾ? ಮುಖ, ಗಡ್ಡ ಮುಗ್ದಿದೆ, ಗಡ್ಡಕ್ಕೇ ಒಂದು ರಾತ್ರಿ ಹೋಗಿದೆ. ಮನೆಯಲ್ಲಿ ಥಿನ್ನರ್ ಉಂಟು.

ಪೆರ್ಲ_ರೆಸಿನ್:
ದಮ್ಮಯ್ಯ ಥಿನ್ನರ್ ಮುಟ್ಬೇಡಿ! ಗೊಂಬೆ ಪ್ಲಾಸ್ಟಿಕ್ ಆದ್ರೆ ಮೂಗು ಬಾಯಿ ಎಲ್ಲ ಕರಗಿ ಹೋಗ್ತದೆ.

ಕುಂಬಳೆ_ಚೌಕಿ:
ಕೀಳುದು ಬೇಡ. ನಿಲುವಂಗಿಗೆ ಮಾತ್ರ ಓಕರ್‌ಗೆ ಸ್ವಲ್ಪ ಬಿಳಿ ಸೇರಿಸಿ ತೆಳುವಾಗಿ ಎರಡು ಕೋಟ್, ನಡುವೆ ಪೂರ್ತಿ ಒಣಗ್ಲಿ. ಮತ್ತೆ ನಿಮ್ಮ ಲೆಮನ್‌ಗೆ ಚೂರೇ ಚೂರು ಕೆಂಪು, ಕಿತ್ತಳೆ ಕಡೆಗೆ ತಿರುಗುವಷ್ಟು, ಅದನ್ನು ಇದ್ರ ಮೇಲೆ ಹಾಕಿ. ಹಣ್ಣಡಿಕೆ ಬಣ್ಣ ಅಲ್ಲೇ ಇರುದು. ಕೆಂಪು ಗುಲಾಬಿ ಕಡೆಯದ್ದು ಬೇಡ, ಕುಂಕುಮದ ಕಡೆಯದ್ದು ಬೇಕು, ಇಲ್ಲದಿದ್ರೆ ಮಣ್ಣು ಮಣ್ಣಾಗ್ತದೆ. ನೆರಳಿಗೆ ಕಪ್ಪು ಬಿಡಿ, ಬರ್ಂಟ್ ಸಿಯೆನ್ನ, ಅದೇ ಕೆಂಪು ಕಂದು, ಹಾಕಿ. ಬೆಳಕಿಗೆ ಬಿಳಿ ಜಾಸ್ತಿ ಹಾಕಿದ್ರೆ ಸುಣ್ಣ ಬಳಿದ ಹಾಗೆ ಕಾಣ್ತದೆ, ಹದ ನೋಡಿ.

ಉಪ್ಪಳ_ಗೊಂಬೆಮನೆ:
ಎಲ್ಲ ಸರಿ, ಆದ್ರೆ ಡಿಸ್ಟಿಲ್ಡ್ ವಾಟರಲ್ಲಿ ಒಮ್ಮೆ ಮಾಡಿ ನೋಡಿ ಅಂತ ನಾನು ಈಗಲೂ ಹೇಳ್ತೇನೆ. ಮತ್ತೆ ಈ ಮಳೆಯಲ್ಲಿ ಎರಡು ಕೋಟ್ ಒಣಗ್ಲಿಕ್ಕೆ ಹೊತ್ತು ಬೇಕು. ನಾನು ಅಡಿಕೆ ಒಣಗಿಸುವ ಗೂಡಿನ ಹತ್ರ ಒಂದು ಪೆಟ್ಟಿಗೆ ಮಾಡಿ 40 ವ್ಯಾಟಿನ ಹಳೇ ಬಲ್ಬ್ ಇಟ್ಟಿದ್ದೇನೆ, ಒಳಗೆ ಹನ್ನೆರಡು ಗೊಂಬೆ ನಿಲ್ತದೆ.

ಹೊಸೂರು_32:
ನಮ್ಮ ಕಡೆ ಉಲ್ಟಾ. ಬೇಸಿಗೆಯಲ್ಲಿ ಬ್ರಷ್ ಮೇಲೇ ಒಣಗತ್ತೆ. ನಾನು ಸ್ಟೀಲ್ ಡಬ್ಬಿಯಲ್ಲಿ ಒದ್ದೆ ಟಿಶ್ಯೂ, ಅದರ ಮೇಲೆ ಬಟರ್ ಪೇಪರ್ ಹಾಕಿ ವೆಟ್ ಪ್ಯಾಲೆಟ್ ಮಾಡ್ಕೊಂಡಿದೀನಿ, ಕಲಸಿದ ಬಣ್ಣ ಮಾರನೇ ದಿನಕ್ಕೂ ಸಿಗತ್ತೆ.

ಪೆರ್ಲ_ರೆಸಿನ್:
ಅದು ನಮ್ಮಲ್ಲಿ ಮಳೆಗಾಲದಲ್ಲಿ ಮುಚ್ಚಿಟ್ರೆ ಬೂಷ್ಟು ಹಿಡೀತದೆ. ಅಜ್ಜಿಯ ತಾಮ್ರದ ಕಾಸು ಒಂದು ಟಿಶ್ಯೂ ಅಡಿಯಲ್ಲಿ ಇಟ್ಟಿದ್ದೇನೆ, ಆಮೇಲೆ ವಾಸನೆ ಬರ್ಲಿಲ್ಲ. ಕಾಸಿನ ಫೋಟೋ ಬೇಕಾ?

ಉಪ್ಪಳ_ಗೊಂಬೆಮನೆ:
ಹಾಕಿ. ಗಾಬ್ಲಿನ್ ಪಡೆಯದ್ದೂ ಹಾಕಿ, ಆವಾಗ ಹೇಳಿದ್ದು ಇನ್ನೂ ಬರ್ಲಿಲ್ಲ.

ಬದಿಯಡ್ಕ_ಬ್ರಷ್:
ನಿನ್ನೆ ರಾತ್ರಿ ಪ್ಲೇಟಲ್ಲಿ ಕಲಸಿ ನೋಡಿದೆ, ಹಲ್ಲುಕಡ್ಡಿ ಎಳೆದಲ್ಲೆಲ್ಲ ಹಸಿರು, ನಾಲ್ಕು ದಿವಸ ನನ್ನ ಕಣ್ಣೆದುರು ಇದ್ದದ್ದೇ ಅದು. ಕರೆಂಟು ಹೋದ ಕಾರಣ ಟಾರ್ಚಿನಲ್ಲಿ ಎಡಗೈಯ ತೋಳು ಒಂದಕ್ಕೇ ಓಕರ್ ಹಾಕಿ ಮಲಗಿದೆ. ಬೆಳಿಗ್ಗೆ ಅದ್ರ ಮೇಲೆ ಕೆಂಪು ಸೇರಿಸಿದ ಲೆಮನ್ ಹಾಕಿ ಜಗಲಿಗೆ ತಂದು ನೋಡಿದೆ. ಕುಂಬಳೆಯವರೇ, ಹಣ್ಣಡಿಕೆ ಬಂದಿದೆ! ಬಲಗೈ ಇನ್ನೂ ಹಸಿರು, ಎರಡೂ ಪಕ್ಕ ಪಕ್ಕ ಕಾಣುವ ಹಾಗೆ ಫೋಟೋ ತೆಗ್ದು ಇಟ್ಟಿದ್ದೇನೆ, ಆದಿತ್ಯವಾರ ಹುಡುಗನಿಗೂ ತೋರಿಸ್ತೇನೆ. ಇನ್ನೊಂದು ಕೇಳ್ಲಿಕ್ಕುಂಟು, ಅಂಗಿಯ ಅಂಚಿಗೆ ಚಿನ್ನದ ಗೆರೆ ಎಳೀಬೇಕು, ಅದ್ರ ಅಡಿಗೆ ಯಾವ ಬಣ್ಣ ಹಾಕುದು?